98ಕ್ಕೆ ನಿಂತ ಗಿಲ್, 257ಕ್ಕೆ ಏರಿದ ಗುರಿ

ಮಾನ್ಯ ಸಂಪಾದಕರೇ,

ಮಳೆ ಪಂದ್ಯಗಳ ಚರ್ಚೆ ಎದ್ದಾಗಲೆಲ್ಲ 2022ರ ಜುಲೈನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಏಕದಿನ ಪಂದ್ಯದಲ್ಲಿ ಮಳೆಯಿಂದ ಭಾರತದ ಆಟ ನಿಂತು ಶುಭಮನ್ ಗಿಲ್ ಅಜೇಯ 98ರಲ್ಲೇ ಉಳಿದದ್ದು ಮಾತಿಗೆ ಬರುತ್ತದೆ. ಇನ್ನೊಂದು ಓವರ್ ಆಡಿಸಬಾರದಿತ್ತೇ ಎಂಬ ಗೊಣಗಾಟ ಬೇರೆ. ಅಂಪೈರ್‌ಗಳು ನೋಡುವುದು ಮೈದಾನವನ್ನು, ಬ್ಯಾಟರನ ರನ್ನನ್ನಲ್ಲ.

ನಿಜವಾಗಿ ಚರ್ಚಿಸಬೇಕಾದದ್ದು ಗುರಿಯ ಲೆಕ್ಕ. ಭಾರತ 36 ಓವರ್‌ಗಳಲ್ಲಿ 3 ವಿಕೆಟ್‌ಗೆ 225 ಗಳಿಸಿತ್ತು; ವೆಸ್ಟ್ ಇಂಡೀಸ್‌ಗೆ ಸಿಕ್ಕ ಗುರಿ 35 ಓವರ್‌ಗಳಲ್ಲಿ 257. ಇದು ಅನ್ಯಾಯವೇನಲ್ಲ. ಆಟ ಹಠಾತ್ತನೆ ನಿಂತಾಗ ಭಾರತದ 7 ವಿಕೆಟ್ ಬಳಕೆಯಾಗದೆ ಉಳಿದಿದ್ದವು. ಎದುರಾಳಿಗಾದರೋ ಓವರ್ ಎಷ್ಟೆಂದು ಮೊದಲೇ ಗೊತ್ತು, ಹತ್ತೂ ವಿಕೆಟ್ ಪಣಕ್ಕಿಟ್ಟು ಬೀಸಬಹುದು. ಮಳೆ ಪಂದ್ಯದ ಗುರಿಯನ್ನು ಮರುಲೆಕ್ಕ ಹಾಕುವ ಡಿಎಲ್‌ಎಸ್ (ಡಕ್ವರ್ತ್-ಲೂಯಿಸ್-ಸ್ಟರ್ನ್) ವಿಧಾನ ಸರಿದೂಗಿಸುವುದು ಈ ವ್ಯತ್ಯಾಸವನ್ನೇ.

ಆಟ ಅಲ್ಲಿಗೇ ನಿಂತರೆ ಸಮಬಲಕ್ಕೆ ಎರಡನೆಯದಾಗಿ ಆಡುವ ತಂಡದ ಬಳಿ ಇರಬೇಕಾದ ಮೊತ್ತವೇ ಪಾರ್ ಸ್ಕೋರ್. ಅದನ್ನು ಮುಟ್ಟಿದರೆ ಟೈ ಅಷ್ಟೇ, ಗೆಲುವಿಗೆ ಇನ್ನೊಂದು ರನ್ ಬೇಕು. 2003ರ ವಿಶ್ವಕಪ್‌ನಲ್ಲಿ, ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ ಇದನ್ನೇ ತಪ್ಪಾಗಿ ತಿಳಿಯಿತು: ಪಾರ್ ಮೊತ್ತವಾದ 229 ಆದೊಡನೆ ಅದರ ಬ್ಯಾಟರ್ ಮಾರ್ಕ್ ಬೌಚರ್ ಮುಂದಿನ ಚೆಂಡನ್ನು ಸುಮ್ಮನೆ ತಡೆದರು, ಮಳೆ ಬಂತು, ತಂಡ ಹೊರಬಿತ್ತು. ವಿಕೆಟ್ ಬಿದ್ದಂತೆಲ್ಲ ಪಾರ್ ಏರುತ್ತದೆ ಎಂಬುದನ್ನೂ ಹಲವರು ಮರೆಯುತ್ತಾರೆ.

ಸ್ಕೋರ್ ಪಟ್ಟಿಯಲ್ಲಿ ‘ಡಿಎಲ್‌ಎಸ್ ಪ್ರಕಾರ ಜಯ’ ಎಂದಷ್ಟೇ ಹಾಕದೆ, ಆಟ ನಿಂತ ಓವರ್, ಆಗಿನ ವಿಕೆಟ್ ಮತ್ತು ಪಾರ್ ಸ್ಕೋರನ್ನೂ ದಯವಿಟ್ಟು ಮುದ್ರಿಸಿ.

– ಓದುಗ, ದಾವಣಗೆರೆ