ಹತ್ತಿ ಬಿತ್ತುವ ಮುಂಚೆ ಒಂದು ಮಾತು

ಚಿರಂಜೀವಿ ತಮ್ಮನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಈ ಸಲ ಹನ್ನೆರಡು ಎಕರೆಗೂ ಹತ್ತಿ, ಸಾಲದ ಕಾಗದ ರೆಡಿ ಇದೆ ಅಂತ ಫೋನಿನಲ್ಲಿ ಹೇಳಿದೆ. ನಾನು ಸುಮ್ಮನಾದೆ. ಹತ್ತಿ ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಈ ಎರೆ ಹೊಲದ ಹತ್ತಿಯೇ ಅಲ್ವಾ ನಿಮ್ಮಪ್ಪನನ್ನೂ ನನ್ನನ್ನೂ ಓದಿಸಿದ್ದು? ಆದರೆ ಪೂರ್ತಿ ಹೊಲಕ್ಕೆ, ಅದೂ ಸಾಲ ಮಾಡಿ ಅಂದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನಮ್ಮ ಸೀಮೆ ಇದನ್ನು ಒಂದು ಸಲ ಕಂಡಿದೆ. ಅದನ್ನು ಓದು, ಆಮೇಲೆ ತೀರ್ಮಾನ ನಿನ್ನದು.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ಅಲ್ಲಿವರೆಗೆ ನಮ್ಮ ಜವಾರಿ ಹತ್ತಿಯನ್ನು ಚಪ್ಪಟೆ ಕಲ್ಲಿನ ಮೇಲೆ ಹರವಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಕಾಳು ಬಿಡಿಸುತ್ತಿದ್ದರು. ಹೆಣ್ಣುಮಕ್ಕಳ ಕೆಲಸ ಅದು. ಸಲಾಕೆ ಉರುಳಿದಂತೆ ಕಾಳು ಒಂದು ಕಡೆ, ಅರಳೆ ಒಂದು ಕಡೆ. ವಿಲಾಯತಿ ಹತ್ತಿಗೆ ಇದು ನಡೆಯಲಿಲ್ಲ. ಅದರ ನಾರು ಕಾಳಿಗೆ ಗಟ್ಟಿಯಾಗಿ ಅಂಟಿರುತ್ತೆ. ಹಾಗಾಗಿ ಕಾಳು ಬಿಡಿಸೋಕೆ ಗರಗಸದ ಹಲ್ಲಿನ ಯಂತ್ರ, ಜಿನ್ ಅಂತಾರಲ್ಲ ಅದು ಬಂತು, ಅದರ ರಿಪೇರಿಗೆ ಧಾರವಾಡದಲ್ಲಿ ಸರಕಾರದ ಕಾರ್ಖಾನೆ ಬಂತು. ಒಂದು ಬೀಜದ ಹಿಂದೆ ಎಷ್ಟು ಬಂತು ನೋಡು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು, ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಇಲ್ಲ. ಮೂರೇ ವರ್ಷದಲ್ಲಿ ಲಿವರ್‌ಪೂಲಿನಲ್ಲಿ ನಮ್ಮ ದೇಶದ ಹತ್ತಿಯ ದರ ಮೂರು ಪಟ್ಟಿಗೂ ಜಾಸ್ತಿ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ, ನಮ್ಮ ಧಾರವಾಡ ಇದ್ದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಹತ್ತಿ ಸಾಗಿಸೋಕೆ ಅಂತ ಅಲ್ಲಿನ ಕಾರವಾರ ಬಂದರಿಗೆ ಘಟ್ಟದ ರಸ್ತೆ ಮಾಡಿದರು. ದರ ಕಂಡು ಕಲಬೆರಕೆಯೂ ಹೆಚ್ಚಿತು, ಅದನ್ನು ತಡೆಯೋಕೆ 1863ರಲ್ಲಿ ಒಂದು ಕಾಯ್ದೆಯೇ ಬಂತು.

1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು. ಕಂದಾಯ ಮಾತ್ರ ನಗದಾಗಿಯೇ ಕಟ್ಟಬೇಕು. ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದುಕೋ. ಸರ್ವೆ ಮಾಡಿಸಿ ಸರಕಾರ ರೈತನ ಹೆಸರಿಗೆ ಹೊಲ ಬರೆದಿತ್ತು. ಹೆಸರಿಗೆ ಬಂದ ಹೊಲವನ್ನು ಮಾರಬಹುದು, ಅಡ ಇಡಬಹುದು. ಸಾವುಕಾರ ಧಾರಾಳವಾಗಿ ಸಾಲ ಕೊಟ್ಟಿದ್ದು ಆ ಹೊಲ ನೋಡಿ. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ ರೈತರು ಸಾವುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಆ ಸಿಟ್ಟು ನನಗೆ ಅರ್ಥವಾಗುತ್ತೆ.

ಮರುವರ್ಷವೇ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದರಲ್ಲ, ಅದೇ. ಹುಬ್ಬಳ್ಳಿಗೆ ಆಗಿನ್ನೂ ರೈಲು ಇಲ್ಲ, ಕಾಳು ಬಂಡಿಯಲ್ಲೇ ಬರಬೇಕು. ಮೇವಿಲ್ಲದೆ ಎತ್ತುಗಳು ಬಿದ್ದರೆ ಬಂಡಿ ಎಳೆಯೋದು ಯಾರು? ನೆಲದೊಳಗಿನ ಹಗೇವಿನಲ್ಲಿ ಜೋಳ ಇದ್ದ ಮನೆ ನಾಲ್ಕು ತಿಂಗಳು ತಡೆಯಿತು. ಹತ್ತಿ ಮಾರಿ ಜೋಳ ಕೊಳ್ಳುವ ಮನೆಗೆ ಅದೂ ಇಲ್ಲ. ರೈಲು ಬಂದಿದ್ದು ಬರ ಕಳೆದ ಮೇಲೆ, 1880ರ ದಶಕದಲ್ಲಿ. ರೈತರಿಗೆ ಸರಕಾರವೇ ಕೊಡುವ ತಗಾವಿ ಸಾಲದ ಕಾಯ್ದೆಗಳು 1883, 1884ರಲ್ಲಿ. ಗದಗಿನ ಪಕ್ಕದ ಕಣಗಿನಹಾಳದಲ್ಲಿ ರೈತರೇ ಕೂಡಿ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ.

ನಾನೂ ಒಂದು ವರ್ಷ ನಿನ್ನ ಹಾಗೇ ಪೂರ್ತಿ ಹತ್ತಿ ಹಾಕಿದ್ದೆ. ಕಾಯಿ ಒಡೆಯುವ ಹೊತ್ತಿಗೆ ಮಳೆ ಹಿಡಿಯಿತು. ಸಾಲದ ವಾಯಿದೆ ಬಂದಿತ್ತು, ದಲಾಲಿ ಹೇಳಿದ ದರಕ್ಕೆ ಹತ್ತಿ ಅಂಡಿಗೆ ಕೊಟ್ಟು ಬಂದೆ. ಆ ವರ್ಷ ನಿನ್ನ ಕಾಕಿಯ ಕೈಯ ಪಾಟಲಿ ಬಳೆ ಹೋದವು, ಮತ್ತೆ ಮಾಡಿಸೋಕೆ ಆಗಲಿಲ್ಲ. ಅವಳು ಇವತ್ತಿಗೂ ಒಂದು ಮಾತು ಆಡಿಲ್ಲ.

ಮೊಬೈಲಿನಲ್ಲಿ ದಿನಾ ದರ ನೋಡ್ತೀಯ, ಒಳ್ಳೆಯದೇ. ಆದರೆ ದರ ಬಿದ್ದ ದಿನ ಮಾರದೇ ಕೂರೋಕೆ ಮನೆಯಲ್ಲಿ ಕಾಳು ಬೇಕು ತಮ್ಮಾ. ನಾಲ್ಕು ಎಕರೆ ಬಿಳಿಜೋಳಕ್ಕೆ, ಎರಡು ಎಕರೆ ಕಡಲೆಗೆ ಬಿಡು. ಉಳಿದದ್ದಕ್ಕೆ ಹತ್ತಿ ಹಾಕು, ನಾನೇ ಬಂದು ಕೂರಿಗೆ ಹಿಡೀತೀನಿ. ಸಾಲ ಬೇಕೇ ಬೇಕಾದರೆ ಮೊದಲು ಊರ ಸೊಸೈಟಿಯಲ್ಲಿ ಕೇಳು. ಆ ಕಾಗದಕ್ಕೆ ಸಹಿ ಮಾಡುವ ಮುಂಚೆ ಒಂದು ದಿನ ಊರಿಗೆ ಬಾ, ಇಬ್ಬರೂ ಕೂತು ಓದೋಣ. ಬಿತ್ತೋಕೆ ಜೋಳ ತೆಗೆದಿಟ್ಟಿದ್ದೀನಿ.

ನಿನ್ನ ಕಾಕಾ