ಎಕನಾಮಿಕ್ಸ್ ಪಾಸು ಮಾಡಿಸಿದವರಿಗೆಲ್ಲ ಥ್ಯಾಂಕ್ಸ್

ಸೆಕೆಂಡ್ ಪಿಯು ರಿಸಲ್ಟ್ ಬಂತು. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ಎಕನಾಮಿಕ್ಸ್‌ನಲ್ಲೇ ಜಾಸ್ತಿ ಅಂಕ ಅಂದರೆ ಮನೆಯಲ್ಲಿ ಇನ್ನೂ ನಂಬುತ್ತಿಲ್ಲ! ಅಪ್ಪ ಆಸ್ಪತ್ರೆ ಸೇರಿದ ವರ್ಷ ಇದು. ಈ ಅಂಕಪಟ್ಟಿಯಲ್ಲಿ ಬೇರೆಯವರ ಪಾಲೂ ಇದೆ, ಅದನ್ನು ಎಲ್ಲರ ಮುಂದೆಯೇ ಹೇಳಬೇಕು.

ಮೊದಲು ನಮ್ಮ ಎಕನಾಮಿಕ್ಸ್ ಸರ್. ನಮ್ಮೂರು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ, ಮಲ್ಲಿಗೆಗೆ ಹೆಸರಾದ ಊರು ಅದು. ಮನೆ ಹಿಂದೆ ಮಲ್ಲಿಗೆ ಗಿಡಗಳಿವೆ. ಪರಿಪೂರ್ಣ ಪೈಪೋಟಿ, ಅಂದರೆ ಮಾರುವವರು ಯಾರೂ ಒಬ್ಬರೇ ಬೆಲೆ ಬದಲಿಸಲಾಗದ ಮಾರುಕಟ್ಟೆ, ಅದರ ಪಾಠದ ದಿನ ಸರ್ ಪುಸ್ತಕ ತೆರೆಯಲೇ ಇಲ್ಲ. "ಇವತ್ತು ಅಟ್ಟೆಗೆ ಎಷ್ಟು?" ಅಂದರು. ಅರ್ಧ ಕ್ಲಾಸು ಒಟ್ಟಿಗೇ ಉತ್ತರ ಕೊಟ್ಟಿತು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. "ಆ ರೇಟು ಹೇಳಿದ್ದು ನಿಮ್ಮಮ್ಮನಾ?" ಅಂತ ನನ್ನನ್ನೇ ಕೇಳಿದರು. ಅಲ್ಲ. ದಿನದ ರೇಟು ಶಂಕರಪುರದಲ್ಲಿ ನಿಗದಿಯಾಗುತ್ತದೆ. ಅಮ್ಮ ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಆ ರೇಟಿಗೆ ಕೊಡುತ್ತಾರೆ ಅಷ್ಟೇ. ನಾವೊಬ್ಬರು ಹೂವು ಕೊಡದಿದ್ದರೆ ರೇಟು ಒಂದು ರೂಪಾಯಿಯೂ ಅಲುಗಾಡುವುದಿಲ್ಲ. ಸರ್ ಬೋರ್ಡಿನಲ್ಲಿ ನೇರ ಅಡ್ಡಗೆರೆ ಎಳೆದು, "ಇದು ನಿಮ್ಮಮ್ಮನ ಬೇಡಿಕೆ ರೇಖೆ" ಅಂದರು. ಮುಹೂರ್ತ ಜಾಸ್ತಿ ಇದ್ದರೆ ಮಾರುಕಟ್ಟೆಯ ಬೇಡಿಕೆ ರೇಖೆ ಬಲಕ್ಕೆ, ಚಳಿಗೆ ಮೊಗ್ಗು ಕಮ್ಮಿಯಾದರೆ ಪೂರೈಕೆ ರೇಖೆ ಎಡಕ್ಕೆ. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆ ಅಂತ ಮಗಳ ಮದುವೆ ಮಾಡಿದವರನ್ನು ಕೇಳಿ! ಪುಸ್ತಕದಲ್ಲಿ ಇರುವಂಥ ಪರಿಪೂರ್ಣ ಪೈಪೋಟಿ ಎಲ್ಲೂ ಇಲ್ಲ, ನಡುವೆ ಏಜೆಂಟರು ಇದ್ದಾರೆ ಅಂತಲೂ ಸರ್ ಸೇರಿಸಿದರು. ನನಗೆ ಆ ಮಾತೇ ಹೆಚ್ಚು ಹಿಡಿಸಿತು.

ಬ್ಯಾಂಕಿಂಗ್ ಪಾಠಕ್ಕೂ ದೂರ ಹೋಗಬೇಕಾಗಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡ ಬ್ಯಾಂಕ್ ಅದು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅಜ್ಜಿಯ ಹಳೇ ಪಿಗ್ಮಿ ಪುಸ್ತಕ ನನ್ನ ಪ್ರಾಜೆಕ್ಟಿನಲ್ಲಿ ಸೇರಿಕೊಂಡಿತು.

ಪ್ರಿನ್ಸಿಪಾಲ್ ಸಿಸ್ಟರ್‌ಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಫೀಸಿನ ಮಾತನ್ನು ನಾನು ಎತ್ತುವ ಮೊದಲೇ "ಅಪ್ಪ ಮನೆಗೆ ಬರಲಿ, ಆಮೇಲೆ ನೋಡುವಾ" ಅಂದರು. ಕೆಥೊಲಿಕ್ ಮಕ್ಕಳಿಗೆ ಧರ್ಮೋಪದೇಶ ಇರುವ ಪಿರಿಯಡ್ಡಿನಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣ. ಆ ಹೊತ್ತು ನನ್ನನ್ನು ಲೈಬ್ರರಿಗೆ ಬಿಟ್ಟರು. ಮನೆಯಲ್ಲಿ ಓದುವುದಕ್ಕೆ ಆಗುತ್ತಿಲ್ಲ ಅಂತ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಪಕ್ಕದ ಮನೆ ಬಾಯಮ್ಮ, ನೀವು ಇಲ್ಲದಿದ್ದರೆ ನಮ್ಮ ಮೊಗ್ಗು ಗಿಡದಲ್ಲೇ ಅರಳಿ ಹೋಗುತ್ತಿತ್ತು. ನಿಮ್ಮ ಹೂವಿನ ಜೊತೆ ನಮ್ಮದನ್ನೂ ಕೊಯ್ದು, ಕಟ್ಟಿ, ದುಡ್ಡನ್ನು ಬೇರೆ ಡಬ್ಬಿಯಲ್ಲಿಟ್ಟು ಲೆಕ್ಕ ಒಪ್ಪಿಸಿದಿರಿ. ಮೊಂತಿ ಫೆಸ್ತಿನ (ಮೇರಿ ಮಾತೆಯ ಹುಟ್ಟುಹಬ್ಬ, ನಿಮ್ಮ ತೆನೆಹಬ್ಬ) ದಿನ ಹೊಸ ಅಕ್ಕಿ ಊಟವನ್ನು ಆಸ್ಪತ್ರೆಗೇ ತಂದಿರಿ. ಅಪ್ಪ ಆ ಊಟದ ಸುದ್ದಿ ಇನ್ನೂ ಹೇಳುತ್ತಾರೆ.

ಅಮ್ಮನಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಸಿಕೊಳ್ಳಬೇಕು. ಬಿಟ್ಟಿದ್ದೇನೆ.

ಬಿ.ಕಾಂ.ಗೆ ಅರ್ಜಿ ಹಾಕಿದ್ದೇನೆ. ನನ್ನ ಎಕನಾಮಿಕ್ಸ್ ನೋಟ್ಸ್ ಲೈಬ್ರರಿ ಮೇಡಂ ಹತ್ತಿರ ಇದೆ, ಬೇಕಾದ ಜೂನಿಯರ್ಸ್ ಕೇಳಿ ತಗೊಳ್ಳಿ. ರಾಷ್ಟ್ರೀಯ ಆದಾಯದ ಪಾಠವನ್ನು ಆಸ್ಪತ್ರೆ ವರಾಂಡದಲ್ಲಿ ಕೂತು ಬರೆದದ್ದು. ಅಕ್ಷರ ಸ್ವಲ್ಪ ಸೊಟ್ಟ ಇದೆ, ಅಡ್ಜಸ್ಟ್ ಮಾಡಿಕೊಳ್ಳಿ.