ಆಕೆ ಚೆಕ್‌ನಲ್ಲಿ ಉತ್ತರಿಸಿದ್ದಕ್ಕೆ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಚೆಕ್ ದೇಶದ ಬೃನೋದಿಂದ ನೀನು ಬರೆದ ಪತ್ರದ ಉಳಿದ ಸಂಗತಿಗಳಿಗೆ ನಿಮ್ಮಮ್ಮ ಉತ್ತರ ಬರೆದಾಗಿದೆ, ಅವುಗಳ ಗೊಡವೆಗೆ ನಾನು ಹೋಗುವುದಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಮೂರನೇ ಪುಟದ ಕೊನೆಯ ನಾಲ್ಕು ಸಾಲು. ಅಡುಗೆಮೂಲೆ ಒರೆಸುತ್ತಿದ್ದ ಹೆಂಗಸು ನಿನ್ನ ಲೋಟ ತೊಳೆದು ಕೈಗೆ ಕೊಟ್ಟಳು. ನೀನು ರಷ್ಯನ್ನಿನಲ್ಲಿ ಧನ್ಯವಾದ ಹೇಳಿ 'ಸ್ಪಸೀಬಾ' ಎಂದೆ. ಆಕೆಯ ಮುಖ ಬಿಗಿಯಿತು. ಚೆಕ್‌ನಲ್ಲಿ 'ಪ್ರೊಸೀಮ್' ಎಂದಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು. ಉಕ್ರೇನಿನ ಖಾರ್ಕಿವ್‌ನವಳೆಂದು ನಿನಗೆ ಆಮೇಲೆ ತಿಳಿಯಿತು. 'ಈಗ ಯಾರ ಹತ್ತಿರ ಏನಾಡಿದರೆ ಯಾರಿಗೆ ನೋವಾಗುತ್ತದೋ ಎಂದು ಬಾಯಿಯೇ ತೆರೆಯುತ್ತಿಲ್ಲ' ಎಂದು ಬರೆದಿದ್ದೀಯ.

ಆ ಭಾಷೆಯನ್ನು ನಿನ್ನ ನಾಲಿಗೆಗೆ ಇಟ್ಟವಳು ನಾನು. ರಷ್ಯನ್ ಒಂದು ಬಂದುಬಿಟ್ಟರೆ ಚೆಕ್, ಪೋಲಿಷ್, ಉಕ್ರೇನಿಯನ್ ಮೊದಲಾದ ಮಿಕ್ಕ ಸ್ಲಾವ್ ಭಾಷೆಗಳು ತಾವಾಗಿ ಬರುತ್ತವೆ ಎಂದು ನಿನಗೆ ಹತ್ತು ಸಲವಾದರೂ ಹೇಳಿದ್ದೇನೆ. ಅದು ಅರ್ಧ ಸತ್ಯ. ಉಳಿದರ್ಧ ಎಷ್ಟು ನೋಯಿಸಬಲ್ಲದು ಎಂದು ಹೇಳದೆ ಕಳಿಸಿದ್ದಕ್ಕೆ ನನಗೆ ಈಗ ಕಸಿವಿಸಿ. ಅದನ್ನಾದರೂ ಈ ಪತ್ರದಲ್ಲಿ ಹೇಳಿ ಮುಗಿಸುತ್ತೇನೆ.

ಮೊದಲು ಆ ಒಂದು ಪದವನ್ನೇ ನೋಡು. ಉಕ್ರೇನಿಯನ್ನರು 'ದ್ಯಾಕುಯು' ಎನ್ನುತ್ತಾರೆ. ಪೋಲಿಷ್‌ನವರು 'ಜೆಂಕುಯೆ', ಚೆಕ್‌ನವರು 'ದ್ಯೆಕುಯಿ', ಸ್ಲೋವಾಕರು 'ದ್ಯಾಕುಯೆಮ್', ಬೆಲರೂಸಿನವರು 'ಜ್ಯಾಕುಯ್'. ಒಂದೇ ಬೇರಿನ ಪದ, ಜರ್ಮನ್ ಕಡೆಯಿಂದ ಬಂದದ್ದು. ಈ ಸಾಲಿನಲ್ಲಿ ರಷ್ಯನ್ನಿನ 'ಸ್ಪಸೀಬಾ' ಮಾತ್ರ ಒಂಟಿ. ಅಂದರೆ ನೀನು ಆಡಿದ ಆ ಒಂದು ಪದವೇ ಗಡಿ ಎಳೆಯುವ ಪದ. ಆದರೆ 'ದ್ಯೆಕುಯಿ' ಎಂದು ಚೆಕ್‌ನಲ್ಲೇ ಹೇಳಿದ್ದರೂ ಆಕೆಗೆ ತನ್ನ ಮನೆಯ ಪದದ ನಾದ ಕೇಳುತ್ತಿತ್ತು. ರಷ್ಯನ್ ಮತ್ತು ಉಕ್ರೇನಿಯನ್ ಎರಡೂ ಪೂರ್ವ ಸ್ಲಾವ್ ಶಾಖೆಯವು, ನಿಜ. ಆದರೆ ಶಬ್ದಸಂಪತ್ತಿನಲ್ಲಿ ಉಕ್ರೇನಿಯನ್ ಎಷ್ಟೋ ಕಡೆ ಪೋಲಿಷ್, ಚೆಕ್‌ಗಳ ಕೈ ಹಿಡಿದಿದೆ. ವಾರಕ್ಕೆ ಉಕ್ರೇನಿಯನ್ನರು 'ತಿಝ್ದೆನ್', ಚೆಕ್‌ನವರು 'ತೀದೆನ್' ಎನ್ನುತ್ತಾರೆ. 'ನೆದೆಲ್ಯೆ' ಚೆಕ್ಕರಿಗೆ ಭಾನುವಾರ. ರಷ್ಯನ್ನಿನಲ್ಲಿ ಅದೇ 'ನೆದೆಲ್ಯಾ' ಎಂದರೆ ವಾರ! 'ಚಾಸ್' ಎಂದರೆ ಕೀವ್‌ನಲ್ಲೂ ಪ್ರಾಗ್‌ನಲ್ಲೂ ಕಾಲ, ಮಾಸ್ಕೋದಲ್ಲಿ ಗಂಟೆ.

ಆಕೆಯ ಮುಖ ಯಾಕೆ ಬಿಗಿಯಿತು ಎಂಬುದನ್ನು ನಾನು ಊಹಿಸಬಲ್ಲೆನೇ ಹೊರತು ಬಲ್ಲೆನೆನ್ನಲಾರೆ. ಖಾರ್ಕಿವ್ ಬಹುಮಟ್ಟಿಗೆ ರಷ್ಯನ್ ಮಾತಾಡುತ್ತಿದ್ದ ಊರು. ಆಕೆಗೂ ಅದು ಮನೆಮಾತೇ ಆಗಿದ್ದೀತು. ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿದ 24 ಫೆಬ್ರವರಿ 2022ರ ನಂತರ ಅಂಥ ಎಷ್ಟೋ ಮಂದಿ ತಾವು ಹುಟ್ಟಿನಿಂದ ಆಡಿದ ಮಾತನ್ನು ಬೇಕೆಂದೇ ಬಿಟ್ಟರು. ಮನೆಮಾತನ್ನು ಬಿಡುವ ಕಷ್ಟ ಎಂಥದ್ದೆಂದು ಯೋಚಿಸು. ಅದನ್ನು ದಿನವೂ ಹಲ್ಲುಕಚ್ಚಿ ಮಾಡುತ್ತಿರುವವರ ಕಿವಿಗೆ, ಪರವೂರಿನ ಅಡುಗೆಮೂಲೆಯಲ್ಲಿ, ಹಿಂದೂಸ್ತಾನದ ಹುಡುಗಿಯ ಬಾಯಿಂದ ಅದೇ ಭಾಷೆ ಬಿದ್ದರೆ ಒಂದು ಕ್ಷಣ ಎದೆ ಝಲ್ಲೆನ್ನುವುದಿಲ್ಲವೇ? ಆ ಬಿಗಿತ ನಿನ್ನ ಮೇಲಿನದ್ದಲ್ಲ. 2022ರ ಮಾರ್ಚ್ 1ರಂದು ಅದೇ ಊರಿನಲ್ಲಿ, ತಿನ್ನುವ ಸಾಮಾನಿಗೆಂದು ಹೋಗಿದ್ದ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಆ ವಾರ ಖಾರ್ಕಿವ್ ಎಂಬ ಹೆಸರು ಕೇಳಿದರೆ ನಮ್ಮ ಊರುಗಳಲ್ಲೇ ಜನ ಹೇಗೆ ಬೆಚ್ಚುತ್ತಿದ್ದರು ಎಂಬುದು ನಿನಗೂ ನೆನಪಿದೆ.

ನೋವು ಬರೀ ಈಚಿನದ್ದೂ ಅಲ್ಲ. 1863ರಲ್ಲಿ ತ್ಸಾರ್ ಸರ್ಕಾರದ ಮಂತ್ರಿ ವಲುಯೆವ್ ಹೊರಡಿಸಿದ ಸುತ್ತೋಲೆ, ಉಕ್ರೇನಿಯನ್ ಎಂಬ ಬೇರೆ ಭಾಷೆಯೇ ಇಲ್ಲ ಎಂಬ ನಿಲುವಿನ ಮೇಲೆ ನಿಂತಿತ್ತು. 1876ರ ಎಮ್ಸ್ ಆಜ್ಞೆ ಆ ಭಾಷೆಯಲ್ಲಿ ಮುದ್ರಣವನ್ನೇ ಹೆಚ್ಚುಕಡಿಮೆ ನಿಷೇಧಿಸಿತು. ಸೋವಿಯತ್ ಕಾಲದ 1933ರ ಕಾಗುಣಿತ ಸುಧಾರಣೆ ಅವರ ವರ್ಣಮಾಲೆಯಿಂದ ಗಟ್ಟಿ 'ಗ' ಸೂಚಿಸುವ ಒಂದು ಅಕ್ಷರವನ್ನೇ ತೆಗೆದುಹಾಕಿತು. ಅದು ಮರಳಿ ಬಂದದ್ದು 1990ರಲ್ಲಿ. ಕನ್ನಡ ಇನ್ನೊಂದು ಭಾಷೆಯಿಂದ ಹುಟ್ಟಿದ್ದು ಎಂದು ಯಾರಾದರೂ ಸುಮ್ಮನೆ ಅಂದರೂ ನಮಗೆ ಹೇಗಾಗುತ್ತದೆ? ಅವರಿಗೆ ಅದನ್ನು ಕಾನೂನು ಮಾಡಿ ಹೇಳಿದ್ದರು, ಪುಟ್ಟಿ.

ನಾನೂ ಅದನ್ನೇ ಮಾಡಿದೆ. ಮಾಸ್ಕೋದ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು ಉಕ್ರೇನಿನ ಲ್ವಿವ್‌ನವಳು. ಮೂರು ವರ್ಷ ಅವಳನ್ನು 'ನಮ್ಮ ರಷ್ಯನ್ ಗೆಳತಿ' ಎಂದೇ ಮನೆಗೆ ಬರೆಯುತ್ತಿದ್ದೆ. ನಿಮ್ಮ ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ.

ಹೋಗಲಿ. ನಿನ್ನ ಭಯದ ವಿಷಯಕ್ಕೆ ಬರುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು, ಅದಕ್ಕೇ ನಿನಗೆ ಇಷ್ಟು ಹೆದರಿಕೆ. ಆದರೆ ಬಾಯಿ ಮುಚ್ಚಿಕೊಂಡರೆ ಆಕೆಗೆ ಆಗುವುದೇನು? ಲೋಟ ತೊಳೆದುಕೊಟ್ಟರೂ ಮಾತಾಡಿಸದವರ ಸಾಲಿಗೆ ನೀನೂ ಸೇರುತ್ತೀಯ. ನನ್ನ ಬುದ್ಧಿಗೆ ತೋಚುವುದು ಇಷ್ಟೇ, ಸರಿಯೆನಿಸಿದರೆ ಮಾಡು: ಯಾರ ಹತ್ತಿರವಾಗಲಿ ಚೆಕ್‌ನಲ್ಲೇ ಮಾತು ಶುರುಮಾಡು. ನಮಸ್ಕಾರ ಎನ್ನಲು 'ದೊಬ್ರೀ ದೆನ್' ಎನ್ನು. ಚೆಕ್ ಸಾಲದೇ ಹೋದಾಗ, ರಷ್ಯನ್ ಆದೀತೇ ಎಂದು ಅವರನ್ನೇ ಕೇಳು. ಉಕ್ರೇನಿಯನ್ನರಿಗಾದರೆ 'ಮೋಝ್ನಾ ರೊಸೀಯ್ಸ್ಕೊಯು?' ಎಂದು ಅವರ ಭಾಷೆಯಲ್ಲೇ ಕೇಳಬಹುದು. ಹಾಗೆ ಕೇಳಿದರೆ ಎಷ್ಟೋ ಜನ ಹೂಂ ಎನ್ನುತ್ತಾರೆ. ಆಗ ಅದು ಅವರು ಆರಿಸಿದ ಭಾಷೆಯಾಗುತ್ತದೆ.

ವಯಸ್ಸಾದ ಚೆಕ್ಕರ ಹತ್ತಿರವೂ ಹೀಗೇ. 1989ರವರೆಗೆ ಶಾಲೆಯಲ್ಲಿ ರಷ್ಯನ್ ಕಡ್ಡಾಯವಾಗಿತ್ತು, ಹಾಗಾಗಿ ಅವರಿಗೆ ಅರ್ಥವಾಗುತ್ತದೆ. ಅರ್ಥವಾಗುವುದೇ ತೊಡಕು. 1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ಕೂಟದ ಟ್ಯಾಂಕುಗಳು ಅವರ ದೇಶಕ್ಕೆ ಒಳನುಗ್ಗಿದಾಗ ಅದಕ್ಕೆ ಕೊಟ್ಟ ಹೆಸರು 'ಸಹೋದರ ನೆರವು'. ಬಂದ ಸೈನ್ಯಗಳಲ್ಲಿ ಪೋಲೆಂಡ್, ಬಲ್ಗೇರಿಯಾಗಳವೂ ಇದ್ದವು, ಅವರೂ ಸ್ಲಾವರೇ. ಆದ್ದರಿಂದ 'ನೀವೆಲ್ಲ ಸ್ಲಾವ್ ಅಣ್ಣತಮ್ಮಂದಿರಲ್ಲವೇ' ಎಂಬ ಮಾತು ನಿನ್ನ ಬಾಯಲ್ಲಿ ಬೇಡ. ಆ ಪದ ಅಲ್ಲಿ ಸುಟ್ಟು ಕರಕಾಗಿದೆ. ಆ ಕನಸನ್ನು ಅವರೇ ಕಂಡಿದ್ದವರು ಎಂಬುದೂ ನಿಜ: 1848ರ ಜೂನ್‌ನಲ್ಲಿ ಪ್ರಾಗ್‌ನಲ್ಲಿ ಸ್ಲಾವ್ ಸಮ್ಮೇಳನ ಸೇರಿತ್ತು, ಚೆಕ್ ಇತಿಹಾಸಕಾರ ಪಲಾತ್ಸ್ಕಿ ಅಧ್ಯಕ್ಷರು. ಆದರೆ ಅದಕ್ಕೂ ಎರಡು ವರ್ಷ ಮೊದಲೇ, ರಷ್ಯಾದಲ್ಲಿದ್ದು ಕಣ್ಣಾರೆ ಕಂಡು ಬಂದಿದ್ದ ಹಾವ್ಲಿಚೆಕ್ ಎಂಬ ಪತ್ರಕರ್ತ, ತಾನು ಚೆಕ್, ಸ್ಲಾವ್ ಅಲ್ಲ ಎಂದು ಬರೆದಾಗಿತ್ತು. ನೆರೆಹೊರೆ ಎನ್ನು, ಸಾಕು.

ನಿನ್ನ ಪಕ್ಕದ ಮೇಜಿನ ಸ್ಲೋವಾಕ್ ಹುಡುಗನ ಬಗ್ಗೆ ನೀನು ಹೆದರಬೇಕಾದ್ದೇನೂ ಇಲ್ಲ. 1993ರ ಜನವರಿ 1ರಂದು ರಕ್ತ ಸುರಿಸದೆ ಬೇರೆಯಾದ ಮನೆಗಳು ಅವು. ಚೆಕ್ ಕಚೇರಿಗಳಲ್ಲಿ ಇಂದಿಗೂ ಸ್ಲೋವಾಕ್‌ನಲ್ಲೇ ವ್ಯವಹರಿಸಬಹುದು. ಅವನು ಸ್ಲೋವಾಕ್‌ನಲ್ಲಿ ಹೇಳುತ್ತಾನೆ, ಇವರು ಚೆಕ್‌ನಲ್ಲಿ ಉತ್ತರಿಸುತ್ತಾರೆ, ಯಾರೂ ಭಾಷೆ ಬದಲಿಸುವುದಿಲ್ಲ. ಗಡಿನಾಡಿನ ಸಂತೆಗಳಲ್ಲಿ ನಮ್ಮವರೂ ತೆಲುಗರೂ ವ್ಯಾಪಾರ ಮಾಡುವ ಹಾಗೆ. ಅವನ ಭಾಷೆಯನ್ನು ಚೆಕ್‌ನ ಉಪಭಾಷೆ ಎನ್ನದಿದ್ದರೆ ಆಯಿತು. 1843ರಲ್ಲಿ ಸ್ಲೋವಾಕ್ ವಿದ್ವಾಂಸ ಶ್ಟೂರ್ ಮತ್ತವರ ಗೆಳೆಯರು ಅದಕ್ಕೆ ಸ್ವಂತ ಬರವಣಿಗೆಯ ರೂಪ ಕೊಟ್ಟದ್ದೇ ಈ ಮಾತಿಗೆ ಉತ್ತರವಾಗಿ.

ನೋವಿನ ಮಾತು ಹಾಗಿರಲಿ, ತಪ್ಪಿನ ಮಾತು ಬೇರೆ. ಅದಕ್ಕೆ ಹೆದರಬಾರದು, ಎಚ್ಚರವಿರಬೇಕು. ನಮಗೆ 'ಶಿಕ್ಷೆ' ಎಂದರೆ ದಂಡನೆ, ಹಿಂದಿಯವರಿಗೆ 'ಶಿಕ್ಷಾ' ಎಂದರೆ ವಿದ್ಯೆ. ನಮಗೆ 'ಉಪನ್ಯಾಸ' ಭಾಷಣ, ಅವರಿಗೆ ಕಾದಂಬರಿ. ಅಲ್ಲೂ ಅದೇ ಜಾತಿಯ ತೊಡಕು. ಬೇಕರಿಯ ಮೇಲೆ 'ಚೆರ್ಸ್ತ್ವೀ' ಎಂದಿದ್ದರೆ ಹಿಂಜರಿಯಬೇಡ, ಚೆಕ್‌ನಲ್ಲಿ ಅದು ತಾಜಾ. ರಷ್ಯನ್, ಪೋಲಿಷ್‌ಗಳಲ್ಲಿ ಒಣಗಿ ಗಟ್ಟಿಯಾದದ್ದು. 'ಊಝಸ್ನೀ' ಎಂದು ನಿನ್ನ ಪ್ರಾಧ್ಯಾಪಕರು ಅಂದರೆ ಅದ್ಭುತ ಎಂದರ್ಥ, ರಷ್ಯನ್ ಕಿವಿಗೆ ಭಯಂಕರ ಎಂದು ಕೇಳುತ್ತದೆ. ಹಳಿಯ ಪಕ್ಕದ 'ಪೊಜ಼ೊರ್' ಎಚ್ಚರಿಕೆ, ರಷ್ಯನ್ನಿನಲ್ಲಿ ನಾಚಿಕೆಗೇಡು. 'ರೊದಿನಾ' ಅಲ್ಲಿ ಸಂಸಾರ, ರಷ್ಯನ್ನಿನಲ್ಲಿ ತಾಯ್ನಾಡು. ಎಲ್ಲಕ್ಕಿಂತ ಅಪಾಯದ್ದು ಇದು: ರಷ್ಯನ್ನಿನ 'ಜ಼ಪೋಮ್ನಿ' ಎಂದರೆ ನೆನಪಿಟ್ಟುಕೋ, ಚೆಕ್‌ನ 'ಜ಼ಪೊಮೆನ್ಯ್' ಎಂದರೆ ಮರೆತುಬಿಡು. ಪೋಲಿಷ್‌ನಲ್ಲಿ 'ಹುಡುಕು' ಎನ್ನುವ 'ಶುಕಾಚ್' ಚೆಕ್‌ನಲ್ಲಿ ಬಾಯಿಬಿಡಬಾರದ ಪದ. ವಾರ್ಸಾದ ಗೆಳತಿಯಿಂದ ಕಲಿತ ಪದವನ್ನು ಅಲ್ಲಿ ಆಡಬೇಡ.

ತಿಂಗಳುಗಳ ಹೆಸರು ಇನ್ನೊಂದು ಗುಂಡಿ. ಚೆಕ್‌ನ 'ಕ್ವ್ಯೆತೆನ್' ಮೇ ತಿಂಗಳು. ಉಕ್ರೇನಿಯನ್ 'ಕ್ವಿತೆನ್', ಪೋಲಿಷ್ 'ಕ್ವ್ಯೆಚೆನ್' ಎರಡೂ ಏಪ್ರಿಲ್. ಹೂವಿನ ಹೆಸರಿನ ತಿಂಗಳೇ ಎಲ್ಲವೂ. ವೀಸಾ ಕಚೇರಿಯ ದಿನಾಂಕ, ಬಾಡಿಗೆ ಕರಾರು, ಯಾವುದೇ ಆಗಲಿ, ಅಂಕಿಯಲ್ಲಿ ಬರೆಸಿಕೋ: 5. 5. ಎಂದು. ಬೇಸಿಗೆಗೆ ಕ್ರೊಯೇಷಿಯಾದ ಜಾಗ್ರೆಬ್‌ಗೆ ಹೋಗುತ್ತೀಯಂತೆ, ಅಲ್ಲಿ 'ಲಿಸ್ತೊಪಾದ್' ಅಕ್ಟೋಬರ್, ಬೃನೋದಲ್ಲಿ ನವೆಂಬರ್. ಬ್ರೆಡ್ಡಿಗೆ ಜಾಗ್ರೆಬ್‌ನಲ್ಲಿ 'ಕ್ರುಹ್', ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ 'ಹ್ಲೆಬ್'. ಆ ಭಾಷೆಯ ಹೆಸರನ್ನು ನೀನಾಗಿ ಹೇಳಬೇಡ, ಅವರು ಏನೆಂದು ಕರೆಯುತ್ತಾರೋ ಹಾಗೇ ಕರೆ. ಅಲ್ಲಿಯ ಜಗಳ ಬರೆಯಲು ಈ ಹಾಳೆ ಸಾಲದು.

'ಉಕ್ರೇನ್‌ನಲ್ಲಿ' ಎನ್ನುವುದಕ್ಕೆ ರಷ್ಯನ್ನಿನಲ್ಲಿ ನಾನು ನಿನಗೆ ಕಲಿಸಿದ್ದು 'ನಾ' ಹಚ್ಚಿ. ಅದನ್ನು ಬಿಡು. ಪ್ರಾಂತ್ಯಕ್ಕೆ 'ನಾ', ದೇಶಕ್ಕೆ 'ವ್' ಎಂಬ ಭಾವ ಅದರಲ್ಲಿ ಸೇರಿಕೊಂಡಿದೆ. ಉಕ್ರೇನಿಯನ್ನರ ಮುಂದೆ 'ವ್' ಎನ್ನು. ಆದರೆ ಚೆಕ್‌ನಲ್ಲಿ 'ನಾ ಉಕ್ರಾಯಿನ್ಯೆ' ಎಂದೇ ರೂಢಿ. 'ನಾ ಮೊರಾವ್ಯೆ', 'ನಾ ಸ್ಲೊವೆನ್ಸ್ಕು' ಎಂದ ಹಾಗೆ. ಅಲ್ಲಿ ಅದರಲ್ಲಿ ಅವಮಾನವಿಲ್ಲ. ಒಂದೇ ಪದ, ಒಂದು ಭಾಷೆಯಲ್ಲಿ ಗಾಯ, ಇನ್ನೊಂದರಲ್ಲಿ ಬರೀ ವ್ಯಾಕರಣ.

ಇನ್ನೊಂದು ಮಾತು, ನನ್ನ ತಪ್ಪಿಗೆ ಪರಿಹಾರವೆಂದೇ ತಿಳಿ. ನೀನು ಚೆಕ್ ಕಲಿಯುವಾಗ ರಷ್ಯನ್ ಮೆಟ್ಟಿಲು ಹತ್ತಬೇಡ, ಕನ್ನಡದ ಮೆಟ್ಟಿಲು ಹತ್ತು. ಪ್ರಾಸಕ್ಕೆ ಹೇಳುತ್ತಿಲ್ಲ. ಚೆಕ್‌ನಲ್ಲಿ ಹ್ರಸ್ವ, ದೀರ್ಘ ಬೇರೆಯಾದರೆ ಅರ್ಥವೇ ಬೇರೆ: 'ಬಿತ್' ಎಂದರೆ ವಾಸದ ಮನೆ, 'ಬೀತ್' ಎಂದರೆ ಇರುವುದು, 'ಪಸ್' ಪಾಸ್‌ಪೋರ್ಟು, 'ಪಾಸ್' ಸೊಂಟದ ಪಟ್ಟಿ. ರಷ್ಯನ್ನಿನಲ್ಲಿ ಈ ಭೇದವಿಲ್ಲ; ಅಲ್ಲಿ ಒತ್ತು ಬಿದ್ದ ಸ್ವರ ತಾನಾಗಿ ಎಳೆಯುತ್ತದೆ, ಒತ್ತಿಲ್ಲದ 'ಒ' ಸವೆದು 'ಅ' ಆಗುತ್ತದೆ. ನೀನು ಅದೇ ರೂಢಿಯಲ್ಲಿ ಚೆಕ್ ಆಡಿದರೆ ಮೊದಲ ವಾಕ್ಯಕ್ಕೇ ರಷ್ಯನ್ ಧಾಟಿ ಹೊಡೆಯುತ್ತದೆ, ಆಗ ನಿನಗೆ ಹೆದರಿಕೆಯಾದ ಆ ಬಿಗಿತ ಮತ್ತೆ ಎದುರಾಗುತ್ತದೆ. ಒತ್ತನ್ನು ಯಾವಾಗಲೂ ಮೊದಲ ಅಕ್ಷರದ ಮೇಲಿಡು, 'ಒ'ವನ್ನು 'ಒ' ಎಂದೇ ಆಡು, ತಲೆಯ ಮೇಲೆ ಓರೆಗೆರೆಯ ಕೋಡು ಇರುವ ಸ್ವರವನ್ನು ಎರಡು ಮಾತ್ರೆ ಎಳೆ. ನಿನ್ನ ಅಜ್ಜ ಕಾಗುಣಿತ ತಿದ್ದಿಸಿದ ಕಿವಿಗೆ ಇದು ಹೊಸತಲ್ಲ. 'ಗ' ಹೋಗಿ 'ಹ' ಆಗುವುದಕ್ಕೂ ಹೊಂದಿಕೊಳ್ಳುತ್ತೀಯ: ರಷ್ಯನ್ 'ನಗಾ', ಚೆಕ್ 'ನೊಹಾ', ಉಕ್ರೇನಿಯನ್ 'ನೊಹಾ'. ತಮಿಳರ ಪಾಲು ನಮ್ಮಲ್ಲಿ ಹಾಲಾಗಲಿಲ್ಲವೇ. ಊರಿನ ಹೆಸರನ್ನು ನಾನು ಬೃನೋ ಎಂದು ಬರೆಯುತ್ತಿರುವುದೂ ಬೇಕೆಂದೇ, ಅಲ್ಲಿ 'ರ್' ಒಂದೇ ಸ್ವರದ ಕೆಲಸ ಮಾಡುತ್ತದೆ.

ಸಂಬೋಧನಾ ವಿಭಕ್ತಿಯನ್ನು ರಷ್ಯನ್ ಹೆಚ್ಚುಕಡಿಮೆ ಕಳೆದುಕೊಂಡಿದೆ. ಚೆಕ್‌ನಲ್ಲೂ ಉಕ್ರೇನಿಯನ್ನಿನಲ್ಲೂ ಅದು ಇವತ್ತಿಗೂ ದಿನಬಳಕೆಯದು. ಒಕ್ಸಾನಾ ಎಂಬವಳನ್ನು ಕರೆಯುವಾಗ 'ಒಕ್ಸಾನೋ', ಇರಿನಾಳನ್ನು 'ಇರಿನೋ'. ಹೆಸರಿನ ಮೊದಲು 'ಪನಿ' ಸೇರಿಸಿದರೆ ಅಮ್ಮಾ ಎಂದಷ್ಟು ಗೌರವ, ಅದೂ ಎರಡು ಭಾಷೆಗೂ ಒಗ್ಗುತ್ತದೆ. ಚೆಕ್‌ನಲ್ಲಿ ಅದರ ಕೊನೆಯ ಸ್ವರ ಉದ್ದ, 'ಪನೀ', ಅಷ್ಟೇ. ಹೆಸರನ್ನು ಸುಮ್ಮನೆ ರಷ್ಯನ್ನಿನಂತೆ ಕೂಗುವುದಕ್ಕೂ ಹೀಗೆ ಕರೆಯುವುದಕ್ಕೂ ಇರುವ ಅಂತರ ಅವರ ಕಿವಿಗೆ ತಕ್ಷಣ ತಿಳಿಯುತ್ತದೆ.

ಲೋಟದ ಮಾತು ಎತ್ತಿ ಕ್ಷಮೆ ಕೇಳಬೇಕೇ ಎಂದಿದ್ದೆ. ಬೇಡ ಎನಿಸುತ್ತದೆ, ನಡುದಾರಿಯಲ್ಲಿ ನಿಲ್ಲಿಸಿ ಯುದ್ಧವನ್ನು ನೆನಪಿಸಿದ ಹಾಗಾಗುತ್ತದೆ. ಮುಂದಿನ ಸಲ ಆಕೆ ಕಂಡಾಗ ನೀನೇ ಮೊದಲು 'ದೊಬ್ರೀ ದೆನ್' ಎಂದು ಹೆಸರು ಕೇಳು. ನಿನ್ನ ನಾಲ್ಕು ಪುಟದಲ್ಲಿ ಎಲ್ಲೂ ಆಕೆಯ ಹೆಸರಿಲ್ಲ. ತಿಳಿದ ಮೇಲೆ ನನಗೂ ಬರೆ. 'ಯಾ'ಕಾರದಲ್ಲಿ ಮುಗಿಯುವ ಹೆಸರಾದರೆ ಕರೆಯುವ ರೂಪ ಬೇರೆಯಾಗುತ್ತದೆ, ನೋಡಿ ಹೇಳುತ್ತೇನೆ.

ನಿನ್ನ
ದೊಡ್ಡಮ್ಮ